ಹಳೇ ಪದ್ಮಿನಿ ಎಂಜಿನ್ನಿಗೆ 87,000 ಯಾಕ ಕೊಟ್ವಿ?

ಮೊನ್ನೆ ಶುಕ್ರವಾರ ಅರಿಷಿಣ-ಕುಂಕುಮಕ್ಕ ಬಂದವರು ಒಬ್ರಾದ ಮ್ಯಾಲ ಒಬ್ರು ನಮ್ಮ ಅಂಗಳದಾಗ ನಿಂತ ಗಾಡಿ ನೋಡಿ ಒಂದ ಪ್ರಶ್ನಿ ಕೇಳಿದ್ರು. "ಏನ್ರೀ ವೈನಿ, ಈ ಹಳೇ ಗಾಡಿ ಎಂಜಿನ್ನಿಗೆ 87,000 ಹಾಕೀರಂತ? ಅಷ್ಟ ರೊಕ್ಕದಾಗ ಇನ್ನೊಂದು ಗಾಡೀನ ಬರ್ತಿತ್ತಲ್ರೀ!"

ಕೇಳಿದವರದು ತಪ್ಪಿಲ್ಲ. ಆರು ತಿಂಗಳ ಹಿಂದ ನಾನೂ ಇದನ್ನ ಕೇಳಿದ್ದೆ, ಇನ್ನೂ ಜೋರಾಗಿ ಕೇಳಿದ್ದೆ. ಅವತ್ತು ಕೋಸಂಬರಿ ಹಂಚೂ ಗಡಿಬಿಡಿಯೊಳಗ ಪೂರಾ ಉತ್ತರ ಹೇಳಲಿಕ್ಕೆ ಆಗಲಿಲ್ಲ. ಅದಕ್ಕ ಇಲ್ಲೆ ಬರೀಲಿಕತ್ತೀನಿ. ನಿಮ್ಮ ಮನ್ಯಾಗನೂ ಅಪ್ಪನ ಕಾಲದ್ದೋ ಮಾವನವರ ಕಾಲದ್ದೋ ಒಂದು ಅಂಬಾಸಿಡರ್, ಒಂದು ಫಿಯಾಟ್, ಇಲ್ಲಾ ಒಂದು ಜಾವಾ ಮೋಟರ್‌ಸೈಕಲ್ ಬಟ್ಟಿ ಹೊತಗೊಂಡು ನಿಂತಿರಬಹುದು. ಇವತ್ತಲ್ಲ ನಾಳೆ ಮನಿಯವರು "ಎಂಜಿನ್ ಕಟ್ಟಸೂಣು" ಅಂತ ಎದ್ದ ಏಳ್ತಾರ. ಆವಾಗ ನನ್ನ ಮಾತು ಉಪಯೋಗಕ್ಕ ಬರ್ತದ.

ಮೊದಲಿಗೇ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಹಳೇ ಗಾಡಿ ಎಂಜಿನ್ ಕಟ್ಟಸೂದು ಲಾಭದ ವ್ಯವಹಾರ ಅಲ್ಲ, ಖರ್ಚು. ಖರ್ಚು ಅಂತ ಒಪ್ಪಿಗೊಂಡು ಮಾಡೂದಾದ್ರ ಪೂರಾ ಮಾಡಸ್ರಿ. ಅರ್ಧಾ ಮಾಡಸೂದಾದ್ರ ಮುಟ್ಟಲೇಬ್ಯಾಡ್ರಿ. ಮತ್ತ ಎಂಜಿನ್ ಬಿಚ್ಚೂಕಿಂತ ಮೊದಲು ಲೆಕ್ಕ ಮನಿ ಹೆಣ್ಣಮಕ್ಕಳ ಮುಂದ ಇಡಬೇಕು.

ನಮ್ಮದು 1978ರ ಪ್ರೀಮಿಯರ್ ಪದ್ಮಿನಿ. ಮಾವನವರು ಬುಕ್ ಮಾಡಿ, ವರ್ಷಗಟ್ಟಲೆ ಕಾದು ತಗೊಂಡದ್ದು. ಆ ಕಾಲದಾಗ ರೊಕ್ಕ ಕೊಟ್ಟ ಕೂಡ್ಲೆ ಗಾಡಿ ಸಿಗತಿರಲಿಲ್ಲ. ಈಗಿನ ಹುಡುಗೂರಿಗೆ ಇದು ಕಥಿ ಅನಸ್ತದ. ಈ ಗಾಡಿ ಹುಟ್ಟಿದ್ದು ಇಟಲಿಯ ಫಿಯಾಟ್ 1100 ಆಗಿ. ನಮ್ಮ ದೇಶದಾಗ ಅದನ್ನ ಮಾಡ್ತಿದ್ದದ್ದು ವಾಲಚಂದ ಹಿರಾಚಂದ ಅವರು ಕಟ್ಟಿದ ಪ್ರೀಮಿಯರ್ ಕಂಪನಿ, ಮುಂಬಯಿಯ ಕುರ್ಲಾದಾಗ. ಮೊದಲ ಫಿಯಾಟ್ ಅಂತಿದ್ರು, ಆಮ್ಯಾಲ ಪ್ರೆಸಿಡೆಂಟ್ ಅಂದ್ರು, 1974ರಾಗ ಪದ್ಮಿನಿ ಅಂತ ಹೆಸರಿಟ್ರು. 2000ದ ಇಸ್ವಿ ಆಜೂಬಾಜೂ ಮಾಡೂದು ನಿಂತು ಹೋತು. ಮುಂಬಯಿಯ ಕರಿ-ಹಳದಿ ಟ್ಯಾಕ್ಸಿ ನೆನಪದ ಅಲ್ಲಾ? ಅವೂ ಇವನ. 2023ರ ಅಕ್ಟೋಬರದಾಗ ಕಡೇ ಪದ್ಮಿನಿ ಟ್ಯಾಕ್ಸಿನೂ ರಸ್ತೆ ಬಿಟ್ಟಿತು ಅಂತ ಪೇಪರಿನ್ಯಾಗ ಬಂದಾಗ ನಮ್ಮ ಮನಿಯವರು ಎರಡು ದಿನ ಸಪ್ಪಗ ಕೂತಿದ್ರು.

ಖರ್ಚಿನ ಮೂಲ ಇಲ್ಲೇ ಅದ ನೋಡ್ರಿ. ಗಾಡಿ ಮಾಡೂದು ನಿಂತು ಇಪ್ಪತ್ತೈದು ವರ್ಷ ಆತು. ಮುಂಬಯಿ ಟ್ಯಾಕ್ಸಿ ಓಡತಿದ್ವು ಅನ್ನೂತನಕ ಅದರ ಸಾಮಾನಿಗೆ ಗಿರಾಕಿ ಇತ್ತು, ಅಂಗಡಿಯವರೂ ತಂದಿಡತಿದ್ರು. ಈಗ ಒಂದೊಂದು ಸಾಮಾನಿಗೂ ಬೆಂಗಳೂರಿನ ಜೆ.ಸಿ. ರೋಡಿಗೆ, ಮುಂಬಯಿಗೆ ಫೋನ್ ಹಚ್ಚಬೇಕು. ಹಳೇ ಸ್ಟಾಕ್ ಇದ್ದವರು ಹೇಳಿದ್ದ ರೇಟು.

ಇನ್ನ ಎಂಜಿನ್ ಹಾಳಾಗೂದು ಹೆಂಗ ಅಂತ ನನಗ ತಿಳಿದಂಗ ಹೇಳ್ತೀನಿ. ಚಕ್ಕಲಿ ಒತ್ತೂದು ಎಲ್ಲಾರ ಮನ್ಯಾಗ ಇರ್ತದಲ್ಲಾ, ಹಂಗ. ಮ್ಯಾಲಿನ ಒತ್ತುಗ ಕೆಳಗಿನ ಕೊಳವಿಯೊಳಗ ಬಿಗಿಯಾಗಿ ಕೂತ್ರ ಹಿಟ್ಟು ಕೆಳಗ ಚಕ್ಕಲಿಯಾಗಿ ಇಳೀತದ. ಒತ್ತುಗ ಸವದು ಸಡ್ಲ ಆಗಿದ್ರ? ಹಿಟ್ಟು ಬಾಜೂದಿಂದ ಮ್ಯಾಲೇರಿ ಕೈಗೆ ಹತ್ತತದ, ಎಷ್ಟು ಒತ್ತಿದ್ರೂ ಚಕ್ಕಲಿ ಬೀಳೂದಿಲ್ಲ. ಎಂಜಿನ್ನಿನ್ಯಾಗ ಕೊಳವಿ ಅಂದ್ರ ಸಿಲಿಂಡರ್, ಒತ್ತುಗ ಅಂದ್ರ ಪಿಸ್ಟನ್. ನಮ್ಮ ಗಾಡಿಯೊಳಗ ಇಂಥಾವು ನಾಲ್ಕು. ಪಿಸ್ಟನ್ನಿನ ಸುತ್ತ ಬಳಿ ಹಾಕಿದಂಗ ರಿಂಗ್ ಇರ್ತಾವ. ಅವು ಸವದ್ರ, ಸಿಲಿಂಡರ್ ಸವದ್ರ, ಪೆಟ್ರೋಲ್ ಉರದ ಶಕ್ತಿ ಬಾಜೂದಿಂದ ಸೋರಿ ಹೋಗ್ತದ, ಕೆಳಗಿನ ಆಯಿಲ್ ಮ್ಯಾಲ ಬಂದು ಉರೀತದ. ಹಿಂದ ನೀಲಿ ಹೊಗಿ ಬರ್ತದ. ಕರೀ ಹೊಗಿ ಬಂದ್ರ ಪೆಟ್ರೋಲ್ ಜಾಸ್ತಿ ಹೋಗ್ಲಿಕತ್ತದ ಅಂತ, ಅದು ಕಾರ್ಬುರೇಟರ್ ಕೆಲಸ, ಸಣ್ಣ ಖರ್ಚು. ಎಂಜಿನ್ ಕಾದ ಮ್ಯಾಲನೂ ಬಿಳೀ ಹೊಗಿ ನಿಲ್ಲಲಿಲ್ಲ ಅಂದ್ರ ನೀರು ಒಳಗ ಹೊಂಟದ ಅಂತ. ನೀಲಿ ಹೊಗಿ ಬಂತಂದ್ರ ಮಾತ್ರ ರೊಕ್ಕದ ಡಬ್ಬಿ ಹುಡುಕಬೇಕು.

ನಮ್ಮ ಗಾಡಿಗೆ ನೀಲಿ ಹೊಗಿ ಏಳು ವರ್ಷದ ಹಿಂದ ಬಂದಿತ್ತು. ಆವಾಗ ಒಬ್ಬ ಮಿಸ್ತ್ರಿ, "ಬೋರಿಂಗ್ ಗೀರಿಂಗ್ ಏನೂ ಬ್ಯಾಡ್ರೀ ಸಾಹೇಬ್ರ, ರಿಂಗ್ ಬದಲಿ ಮಾಡಿದ್ರ ಸಾಕು, 18,000ದಾಗ ಮುಗಿಸಿಕೊಡ್ತೀನಿ" ಅಂದ. ಮನಿಯವರಿಗೆ ಅಗ್ಗ ಅನಿಸ್ತು, ನನಗೂ ಅನಿಸ್ತು. ಹೂಂ ಅಂದವರಾಗ ನಾನೂ ಒಬ್ಬಾಕಿ, ಸುಳ್ಳ ಯಾಕ ಹೇಳ್ಲಿ. ಎಂಟು ತಿಂಗಳಿಗೆ ತಿರುಗಿ ನೀಲಿ ಹೊಗಿ. ಆ ಮಿಸ್ತ್ರಿ, "ಹಳೇ ಗಾಡಿ ಹಿಂಗರೀ" ಅಂದು ಕೈ ಝಾಡಿಸಿಬಿಟ್ಟ. ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತು.

ಯಾಕ ಹಂಗಾತು ಅನ್ನೂದು ತಿಳದದ್ದು ಈ ಸಲ, ಹುಬ್ಬಳ್ಳಿ ಗೋಕುಲ ರೋಡಿನ ಕಡೆ ಒಂದು ಬೋರಿಂಗ್ ಅಂಗಡಿಯೊಳಗ. ನಾನ ಹಟಾ ಮಾಡಿ ಹೋಗಿದ್ದೆ. ರೊಕ್ಕ ಹೋಗೂ ಜಾಗಾ ನಾನೂ ನೋಡಬೇಕು ಅಂದೆ. ಅಲ್ಲಿ ಅರವತ್ತು ದಾಟಿದ ಒಬ್ಬ ಹಿರೇ ಮಿಸ್ತ್ರಿ ಇದ್ರು. ಗಡಿಯಾರದಂಥಾ ಮುಳ್ಳಿರೂ ಒಂದು ಗೇಜ್ ಸಿಲಿಂಡರಿನೊಳಗ ಇಳಿಸಿ, "ಅಕ್ಕಾರ, ಮುಳ್ಳು ನೋಡ್ರಿ" ಅಂದ್ರು. ಮ್ಯಾಲ ಒಂದು ಅಳತಿ, ಕೆಳಗ ಇನ್ನೊಂದು. ಅಡ್ಡ ಹಿಡದ್ರ ಒಂದು, ಉದ್ದ ಹಿಡದ್ರ ಇನ್ನೊಂದು. ಒಂದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕ ಅದು. ಕಣ್ಣಿಗೆ ಕಾಣೂದಿಲ್ಲ, ಕೈಗೆ ಹತ್ತೂದಿಲ್ಲ. "ಸಿಲಿಂಡರ್ ಗುಂಡಗ ಉಳದಿಲ್ರಿ, ತತ್ತಿ ಆಕಾರ ಆಗೇದ. ತತ್ತಿ ಆಕಾರದ ತೂತಿಗೆ ಗುಂಡನ ಬಳಿ ಹಾಕಿದ್ರ ಹೆಂಗ ಕೂಡತದ್ರೀ?" ಅಂದ್ರು. ನನಗ ಅಲ್ಲೇ ನಮ್ಮ 18,000 ಎಲ್ಲಿ ಹೋತು ಅಂತ ತಿಳೀತು.

ಹಂಗಾರ ಮಾಡಬೇಕಾದ್ದು ಏನು? ಸಿಲಿಂಡರ್ ಒಳಗಿಂದ ಕೊರದು ತಿರುಗಿ ಗುಂಡಗ ಮಾಡಬೇಕು, ಅದಕ್ಕ ಬೋರಿಂಗ್ ಅಂತಾರ. ತೂತು ಒಂದೀಟು ದೊಡ್ಡದಾಗ್ತದ, ಅದಕ್ಕ ಒಂದೀಟು ದೊಡ್ಡ ಪಿಸ್ಟನ್ ಬೇಕು. ಕಂಪನಿಯಿಂದ ಬಂದಾಗ ನಮ್ಮ ಗಾಡಿ ಸಿಲಿಂಡರ್ 68 ಮಿಲಿಮೀಟರ್ ಅಗಲ, ಎಂಜಿನ್ 1089 ಸಿಸಿ. ಇಲ್ಲೊಂದು ಮಾತು ನೆನಪಿಡ್ರಿ: ಪಿಸ್ಟನ್ ಕೈಗೆ ಬಂದ ಮ್ಯಾಲನ ಬೋರಿಂಗ್ ಮಾಡಸಬೇಕು. ಪಿಸ್ಟನ್ ಅಳದು ಅದಕ್ಕ ತಕ್ಕಂಗ ಕೊರೀತಾರ. ಮೊದಲ ಕೊರದು ಆಮ್ಯಾಲ ಪಿಸ್ಟನ್ ಹುಡುಕಲಿಕ್ಕೆ ಹೊಂಟ್ರ, ಆ ಸೈಜು ಸಿಗಲಿಲ್ಲಂದ್ರ ಏನ ಮಾಡೂದು? ನಮಗ ಪಿಸ್ಟನ್ ಸೆಟ್ ಬರಲಿಕ್ಕೆ ಐದು ವಾರ ಹಿಡೀತು. ಬ್ಲಾಕ್ ಅಂಗಡಿ ಮೂಲ್ಯಾಗ ಸುಮ್ಮನ ಕೂತಿತ್ತು.

ಬಿಲ್ಲು ಮುಂದ ಇಟಗೊಂಡು ಬರೀಲಿಕತ್ತೀನಿ, ಕೇಳ್ರಿ. ಎಂಜಿನ್ ಇಳಿಸಿ, ಬಿಚ್ಚಿ, ತೊಳದು, ತಿರುಗಿ ಜೋಡಿಸಿ ಕೂಡಿಸೂ ಕೂಲಿ 24,000. ನಾಲ್ಕು ಸಿಲಿಂಡರ್ ಬೋರಿಂಗ್, ಹೋನಿಂಗ್ 4,800. ಕ್ರ್ಯಾಂಕ್ ಗ್ರೈಂಡಿಂಗ್ 3,600. ಹೆಡ್ಡಿನ ಕೆಲಸ, ಅಂದ್ರ ವಾಲ್ವ್ ಗೈಡ್ ಹಾಕಿ, ಸೀಟ್ ಕಟ್ ಮಾಡಿ, ತಳಾ ಸಪಾಟು ಮಾಡಿದ್ದು 7,500. ಇದು ಕೈಕೆಲಸದ್ದು, ಕೂಡಿಸಿದ್ರ 39,900. ಇನ್ನ ಸಾಮಾನು: ಪಿಸ್ಟನ್ ಮತ್ತ ರಿಂಗ್ 11,200, ಬೇರಿಂಗ್ 4,900, ವಾಲ್ವ್ 4,400, ಗ್ಯಾಸ್ಕೆಟ್ ಮತ್ತ ಸೀಲ್ 3,100, ಟೈಮಿಂಗ್ ಚೈನ್ ಮತ್ತ ಆಯಿಲ್ ಪಂಪ್ 5,300. ಇವು 28,900. ಎರಡೂ ಕೂಡಿಸಿ 68,800.

ನೋಡ್ರಿ, ಸಾಮಾನಿಗಿಂತ ಕೈಕೆಲಸ ಜಾಸ್ತಿ. ನಮ್ಮ ಮನಿಯವರು ಕೂಲಿ ಒಳಗ ಚೌಕಾಶಿ ಮಾಡಲಿಕ್ಕೆ ಹೊಂಟಿದ್ರು, ನಾನ ಬ್ಯಾಡ ಅಂದೆ. ನೂರನೇ ಭಾಗದ ಲೆಕ್ಕದಾಗ ಕೆಲಸಾ ಮಾಡೂ ಕೈ ಅದು. ಅವರ ಹತ್ರ ಕಲೀಲಿಕ್ಕೆ ಈಗ ಯಾವ ಹುಡುಗರೂ ಬರೂದಿಲ್ಲಂತ. ಕಸೂತಿ ಸೀರಿಗೆ ರೇಟ್ ಕೇಳಿ ಬಾಯಿ ತಗಿಯೂ ಮಂದೀನ್ನ ನೋಡಿ ನಮಗ ಸಿಟ್ಟು ಬರ್ತದಲ್ಲಾ, ಹಂಗ ಇದೂ. ಹೊಲಿಯೂ ಕೈಯ ಬೆಲಿ ಹೊಲಿದವರಿಗೇ ಗೊತ್ತು.

ಇನ್ನೂ 18,200 ಉಳೀತಲ್ಲಾ, ಅದು ಎಲ್ಲಿದು? ಅದ ನಮ್ಮನ್ನ ಫಜೀತಿಗೆ ಹಾಕಿದ್ದು. "ಹೆಂಗೂ ಎಂಜಿನ್ ಇಳಿಸೇದ, ಇದನ್ನೂ ಮಾಡಿಬಿಡೂಣು" ಅನ್ನೂ ಬಾಬತ್ತು. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ 5,200. ರೇಡಿಯೇಟರ್ ಸ್ವಚ್ಛ ಮಾಡಿ, ನೀರಿನ ಪಂಪ್, ರಬ್ಬರ್ ಪೈಪ್ ಹಾಕಿದ್ದು 4,600. ಕಾರ್ಬುರೇಟರ್ ಕಿಟ್ ಮತ್ತ ಪೆಟ್ರೋಲ್ ಪೈಪ್ 2,900. ಈಗಿನ ಪೆಟ್ರೋಲಿನ್ಯಾಗ ಎಥನಾಲ್ ಕೂಡಸ್ತಾರ, ಹಳೇ ಕಾಲದ ರಬ್ಬರ್ ಅದಕ್ಕ ತಾಳೂದಿಲ್ಲ. ಎಂಜಿನ್ ಕೂಡೂ ರಬ್ಬರ್ ಮೌಂಟಿಂಗ್ 1,400. ಎರಡು ಸಲದ ಆಯಿಲ್, ಕೂಲಂಟ್ 2,600. ಎಳಕೊಂಡು ಹೋಗೂ ಗಾಡಿ ಬಾಡಗಿ 1,500. ಮನಿ ರಿಪೇರಿಗೆ ಕೈ ಹಚ್ಚಿದವರಿಗೆ ಇದು ಗೊತ್ತದ. ಒಂದು ಕಡೆ ಗ್ವಾಡಿ ಒಡದ್ರ ಇನ್ನೊಂದು ಕಡೆ ವೈರಿಂಗ್ ಕಾಣಸ್ತದ. ಆದ್ರ ಇವು ದಂಡ ಅಲ್ಲ. ಕ್ಲಚ್ಚಿನ ಸಲುವಾಗಿ ನಾಳೆ ಮತ್ತ ಇಳಸೂದಾಗಿದ್ರ ಆ ಕೂಲಿ ಬ್ಯಾರೆ ಕೊಡಬೇಕಿತ್ತು.

ಮೊದಲು ನಮ್ಮ ಮನಿಯವರು ನನಗ ಹೇಳಿದ್ದು 45,000. ಕಡೀಕೆ ಆದದ್ದು 87,000. ಅವರು ಸುಳ್ಳ ಹೇಳಿದ್ರು ಅಂತಲ್ಲ. ಬಿಚ್ಚೂತನಕ ಒಳಗ ಏನದ ಅಂತ ಯಾವ ಮಿಸ್ತ್ರಿಗೂ ಗೊತ್ತಾಗೂದಿಲ್ಲ. ಆದ್ರ ಬಿಚ್ಚಿದ ಮ್ಯಾಲ "ಈಗ ಬ್ಯಾಡ" ಅನ್ನಲಿಕ್ಕೂ ಬರೂದಿಲ್ಲ. ಡಬ್ಬಿಗಟ್ಟಲೆ ಬಿಡಿ ಸಾಮಾನು ತಗೊಂಡು ಮನಿಗೆ ಬರೂದೇನು? ಅಲ್ಲೇ ಮಂದಿ ಸಿಗಬೀಳ್ತಾರ.

ಆ ರೊಕ್ಕ ಎಲ್ಲಿಂದ ಬಂತು ಅಂತನೂ ಹೇಳಬೇಕಲ್ಲಾ. ಮಾಳಿಗಿ ಸೋರತದ ಅಂತ ನಾನು 1,50,000ದ್ದು ಒಂದು ಎಫ್‌ಡಿ ಇಟ್ಟಿದ್ದೆ. ಅದರಾಗ 87,000 ಹೋತು, ಉಳದದ್ದು 63,000. ಈ ವರ್ಷ ಅಡಗಿಮನಿ, ದೇವರಮನಿ ಮ್ಯಾಲಷ್ಟ ಮಾಡಿಸೀವಿ. ಪಡಸಾಲಿ ಮ್ಯಾಲ ಈ ಮಳಿಗಾಲಕ್ಕೂ ತಾಡಪತ್ರಿನ. ಈ ಮಾತು ಬರಿಯೂವಾಗ ನನಗ ಪೂರಾ ಸಮಾಧಾನ ಅದ ಅಂತ ಹೇಳಲಾರೆ. ಬಕೀಟು ಇಡೂವಾಗೆಲ್ಲಾ ಆ ಪಿಸ್ಟನ್ ನೆನಪಾಗ್ತಾವ.

ಮನಿಯವರು, "ಇದು ಇನ್ವೆಸ್ಟ್‌ಮೆಂಟ್ ಇದ್ದಂಗ, ಹಳೇ ಗಾಡಿಗೆ ಬೆಲಿ ಏರ್ತದ" ಅಂದ್ರು. ಈ ಮಾತು ನಾ ಒಪ್ಪಲಿಲ್ಲ, ಇನ್ನೂ ಒಪ್ಪೂದಿಲ್ಲ. ಮಾರಾಟಕ್ಕ ಇಡಂಗಿಲ್ಲ ಅಂತ ಅವರ ಹೇಳ್ತಾರ. ಮಾರಲಾರದ್ದಕ್ಕ ಬೆಲಿ ಏರಿದ್ರೇನು, ಇಳದ್ರೇನು? ಖರ್ಚು ಅಂತೂ ವರ್ಷಾ ವರ್ಷಾ ಇರೂದ. ಹದಿನೈದು ವರ್ಷ ದಾಟಿದ ಗಾಡಿ ಆರ್‌ಸಿ ಐದು ವರ್ಷಕ್ಕೊಮ್ಮೆ ಹೊಸಾದು ಮಾಡಸಬೇಕು. ಅದರ ಫೀ 600 ಇದ್ದದ್ದು 2022ರ ಏಪ್ರಿಲ್ಲಿಗೆ 5,000 ಆತು. 2025ರಾಗ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಮಾಡ್ಯಾರ. ಐವತ್ತು ವರ್ಷ ಆದ್ರ ವಿಂಟೇಜ್ ಅಂತ ಬ್ಯಾರೆ ರಜಿಸ್ಟ್ರೇಶನ್ ಅದ, ಆದ್ರ ಅದರ ಮ್ಯಾಲ ದಿನಾ ಓಡಸಲಿಕ್ಕೆ ಬರೂದಿಲ್ಲ, ಎಂಜಿನ್ ಬದಲಿ-ಗಿದಲಿ ಮಾಡಿದ್ರೂ ಒಪ್ಪೂದಿಲ್ಲ. ಹಿಂಗಿದ್ದಾಗ ಇನ್ವೆಸ್ಟ್‌ಮೆಂಟ್ ಅನ್ನೂದು ಮನಿ ಹೆಂಗಸರ ಬಾಯಿ ಮುಚ್ಚಸಲಿಕ್ಕೆ ಹೇಳೂ ಮಾತು. "ನನಗ ಇದು ಬೇಕು, ನಮ್ಮಪ್ಪಂದು" ಅಂತ ನೇರ ಹೇಳ್ರಿ, ನಾವೂ ಮನಶ್ಯಾರ ಅಲ್ಲೇನು, ತಿಳೀತದ.

ಹೇಳಿದ್ರು, ಕಡೀಕೆ. ಆದ್ರ ಆವಾಗ ನಾನೂ ಒಂದು ಮಾತು ಹೇಳಿದೆ. ಹನ್ನೆರಡು ವರ್ಷದ ಹಿಂದ ಸುಣ್ಣಾ ಬಣ್ಣಾ ಮಾಡಸೂವಾಗ ಅತ್ತಿಯವರ ಕಾಲೀಲೆ ತುಳಿಯೂ ಹೊಲಿಗಿ ಮಶೀನು, ಜಾಗಾ ಹಿಡದದ ಅಂತ ಗುಜರಿಯವಗ ಕೊಟ್ಟುಬಿಟ್ರು. ಮಗಂದು, ಮಗಳಂದು, ಮೊಮ್ಮಕ್ಕಳದು ಕುಂಚಗಿ, ಝಬಲಾ ಎಲ್ಲಾ ಹೊಲದ ಮಶೀನು ಅದು. ಅತ್ತಿಯವರನ್ನ ಒಂದು ಮಾತು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಅದು ನನ್ನ ತಪ್ಪು. ಆ ಮಶೀನು ರಿಪೇರಿಗೆ ಒಂದು ಸಾವಿರ ಸಹಿತ ಹಿಡೀತಿರಲಿಲ್ಲ. ಅಪ್ಪನ ಗಾಡಿ ನೆನಪು, ಅವ್ವನ ಮಶೀನು ಅಡಚಣಿ? ಇದನ್ನ ಕೇಳಿದಾಗ ಮನಿಯವರು ಸುಮ್ಮನಾದ್ರು. ಜಗಳಕ್ಕ ಬರಲಿಲ್ಲ, ಉತ್ತರನೂ ಕೊಡಲಿಲ್ಲ.

ಹಂಗಾರ ನಾ ಯಾಕ ಒಪ್ಪಿದೆ? ಒಪ್ಪಿಸಿದ್ದು ಅತ್ತಿಯವರು. 84 ವರ್ಷ ಅವರಿಗೆ. ನಮ್ಮ ವಾದ ಎಲ್ಲಾ ಕೇಳಿ, "ನಡೀತದಂದ್ರ ನಡಸ್ರಿ, ಇಲ್ಲಂದ್ರ ಕೊಟ್ಟ ಬಿಡ್ರಿ. ಹೆಣಕ್ಕ ಹೊಚ್ಚಿದಂಗ ಬಟ್ಟಿ ಹೊಚ್ಚಿ ಬಾಗಲದಾಗ ಇಡಬ್ಯಾಡ್ರಿ. ದಿನಾ ಮುಂಜಾನೆ ರಂಗೋಲಿ ಹಾಕೂವಾಗ ನನಗ ನೋಡಲಿಕ್ಕೆ ಆಗೂದಿಲ್ಲ" ಅಂದ್ರು. ಕೊಡೂದೋ, ಕಟ್ಟಸೂದೋ, ಎರಡರಾಗ ಒಂದು. ಅದು ಸರಿ ಅನಿಸ್ತು. ಕೊಡಲಿಕ್ಕೆ ಮನಿಯೊಳಗ ಯಾರಿಗೂ ಮನಸಿರಲಿಲ್ಲ, ಖರೆ ಹೇಳಬೇಕಂದ್ರ ನನಗೂ ಇರಲಿಲ್ಲ. ಲಗ್ನ ಆಗಿ ನಾ ಈ ಮನಿಗೆ ಬಂದದ್ದು ಅದರಾಗನ.

ಅದಕ್ಕ ಅನುಭವದಿಂದ ನಾಲ್ಕು ಮಾತು. ಎಂಜಿನ್ ಬಿಚ್ಚೂ ಮೊದಲ ಎಷ್ಟರ ಮ್ಯಾಲ ಹೋದ್ರ ಬ್ಯಾಡ ಅನ್ನೂದು ಅಂತ ಗಂಡ ಹೆಂಡ್ತಿ ಕೂತು ಗೆರಿ ಎಳೀರಿ. ಮಿಸ್ತ್ರಿ ಹೇಳಿದ್ದರ ಎರಡು ಪಟ್ಟು ಕೈಯಾಗ ಇದ್ರಷ್ಟ ಶುರು ಮಾಡ್ರಿ. ಎರಡನೇದು, ಬಿಚ್ಚಿ ಅಳತಿ ಮಾಡಿದ ಮ್ಯಾಲ ಒಂದ ಸಲ ಕೆಲಸಾ ನಿಲ್ಲಿಸಿ, ಅಳತಿ ಚೀಟಿ ಬರಸ್ಕೊಂಡು, ಹೊಸಾ ಅಂದಾಜು ಕೇಳ್ರಿ. ಅಷ್ಟಕ್ಕ ಬಿಚ್ಚೂ ಕೂಲಿ ಎಷ್ಟಾಗ್ತದ ಅಂತ ಮೊದಲ ಮಾತಾಡ್ಕೊಳ್ರಿ. ಮೂರನೇದು, ತಗದ ಹಳೇ ಸಾಮಾನು ಎಲ್ಲಾ ವಾಪಸ್ ಇಸಗೊಳ್ರಿ; ಏನು ಬದಲಿ ಆಗೇದ, ಏನು ಆಗಿಲ್ಲ ಅಂತ ಅದರಾಗ ತಿಳೀತದ. ನಾಲ್ಕನೇದು, ರೊಕ್ಕ ಒಮ್ಮೆಲೆ ಕೊಡಬ್ಯಾಡ್ರಿ, ಕೆಲಸಾ ಆದಂಗ ಕೊಡ್ರಿ. ಮತ್ತ ಒಂದು ಮಾತು, ಇದಕ್ಕ ಸಾಲ ಅಂತೂ ಮಾಡಲೇಬ್ಯಾಡ್ರಿ. ಹುಡುಗೂರ ಫೀ, ಔಷಧದ ರೊಕ್ಕ ಮುಟ್ಟೂ ಪ್ರಸಂಗ ಬಂದ್ರ ಗಾಡಿ ಯಾರರ ನಡಸೂವರಿಗೆ ಕೊಡೂದು ಛಲೋ.

ಗಾಡಿ ಬಂದು ಒಂದೂವರಿ ತಿಂಗಳಾತು. ಎಂಜಿನ್ ಪಳಗೂತನಕ ಜೋರಾಗಿ ಓಡಸಬಾರದು ಅಂತ ಹಿರೇ ಮಿಸ್ತ್ರಿ ತಾಕೀತು ಮಾಡ್ಯಾರ. 500 ಕಿಲೋಮೀಟರಿಗೆ ಒಮ್ಮೆ ಆಯಿಲ್ ಬದಲಿ ಮಾಡಿ ಆತು. ಹೋದ ರವಿವಾರ ಅತ್ತಿಯವರನ್ನ ಮುಂದಿನ ಸೀಟಿನ್ಯಾಗ ಕೂಡಿಸಿಕೊಂಡು ಧಾರವಾಡಕ್ಕ ಹೋಗಿ ಬಂದ್ವಿ. ನಾ ಹಿಂದ ಕೂತು ಕಾಚಿನ್ಯಾಗ ಹೊಗಿ ನೋಡತಿದ್ದೆ. ಬರಲಿಲ್ಲ.

ಮನಿಗೆ ಬಂದ ಮ್ಯಾಲ ಮನಿಯವರು ತಾವ ಮಾಳಿಗಿ ಹತ್ತಿ ತಾಡಪತ್ರಿ ಬಿಗಿಯಾಗಿ ಕಟ್ಟಿದ್ರು. "ಮುಂದಿನ ವರ್ಷದ ಎಫ್‌ಡಿ ಮಾಳಿಗಿದ, ಗಾಡಿಗೆ ಒಂದು ರೂಪಾಯಿ ಇಲ್ಲ" ಅಂತ ನಾ ಕೆಳಗಿಂದ ಹೇಳಿದೆ. ಹೂಂ ಅಂದಾರ. ನೀವೆಲ್ಲಾರೂ ಓದೀರಿ, ಸಾಕ್ಷಿಗೆ ಇರ್ರಿ.